ನಾರ್ತ್ ಎಂಡ್: ಒಂದೇ ಕೇರಿ, ಹಲವು ಊರು

ಬಾಸ್ಟನ್ ನಗರದ ನಾರ್ತ್ ಎಂಡನ್ನು ಎಲ್ಲರೂ ‘ಲಿಟಲ್ ಇಟಲಿ’ ಎಂದು ಕರೆಯುತ್ತಾರೆ. ಹಸಿರು, ಬಿಳಿ, ಕೆಂಪಿನ ಬಾವುಟಗಳು, ಹ್ಯಾನೊವರ್ ಸ್ಟ್ರೀಟಿನ ಉದ್ದಕ್ಕೂ ಹೋಟೆಲುಗಳು, ದಾರ ಕಟ್ಟಿದ ಪೇಸ್ಟ್ರಿ ಡಬ್ಬಿ ಹಿಡಿದು ಹೋಗುವ ಜನ. ಇಷ್ಟನ್ನು ನೋಡಿದವರಿಗೆ ಆ ಹೆಸರು ಸರಿಯೆಂದೇ ಅನಿಸುತ್ತದೆ. ಆದರೆ ಈ ಕೇರಿಯ ಗುಣ ಅರ್ಥವಾಗಬೇಕಾದರೆ ಮೊದಲು ಆ ಹೆಸರನ್ನು ಬದಿಗಿಡಬೇಕು. ಇಲ್ಲಿ ಬಂದು ನೆಲೆಸಿದವರು ಹಡಗು ಹತ್ತುವಾಗ ತಾವು ಇಟಾಲಿಯನ್ನರು ಎಂದುಕೊಂಡಿರಲಿಲ್ಲ. ಅವರು ಶಾಕ್ಕಾದವರು, ಮಿನೆಯೊದವರು, ಮೊಂಟೆಫಾಲ್ಚೋನೆಯವರು. ಇಟಲಿ ಒಂದು ರಾಜ್ಯವಾದದ್ದೇ 1861ರಲ್ಲಿ. ಇವತ್ತು ಪುಸ್ತಕದಲ್ಲಿ ಕಲಿಯುವ ಇಟಾಲಿಯನ್ ಭಾಷೆ ಆಗ ಅಲ್ಲಿನ ಹತ್ತು ಜನರಲ್ಲಿ ಒಬ್ಬರ ಮನೆಮಾತೂ ಆಗಿರಲಿಲ್ಲ. ತಮ್ಮೂರ ಚರ್ಚಿನ ಗಂಟೆ ಎಷ್ಟು ದೂರ ಕೇಳಿಸುತ್ತದೋ ಅಷ್ಟರೊಳಗಿನವರು ತಮ್ಮವರು, ಆಚೆಯವರು ಹೊರಗಿನವರು. ಈ ಊರಾಭಿಮಾನವನ್ನು ಅವರೇ ‘ಕಂಪನಿಲಿಸ್ಮೊ’ ಎನ್ನುತ್ತಾರೆ. ಕಂಪನೀಲೆ ಎಂದರೆ ಗಂಟೆಗೋಪುರ.

ನಾರ್ತ್ ಎಂಡಿನ ಬೀದಿ, ಹಬ್ಬ, ಅಡುಗೆ, ಮಾತು, ಅಲ್ಲಿನ ಮನೆಗಳು ಉಳಿದುಕೊಂಡ ಬಗೆ, ಯಾವುದರ ಬುಡ ಕೆದಕಿದರೂ ಸಿಗುವುದು ಈ ಊರಾಭಿಮಾನವೇ.

ವಠಾರಗಳು

ಇಡೀ ನಾರ್ತ್ ಎಂಡ್ ಒಂದು ಚದರ ಕಿಲೋಮೀಟರಿಗಿಂತ ಕಡಿಮೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಹದಿನೈದು ನಿಮಿಷ ಸಾಕು. 1630ರ ದಶಕದಿಂದಲೂ ಇಲ್ಲಿ ಜನವಸತಿ ಇದೆ. ಅಮೆರಿಕದ ಸ್ವಾತಂತ್ರ್ಯ ಹೋರಾಟದ ಪಾಲ್ ರಿವಿಯರ್ ಇದ್ದ, ಸುಮಾರು 1680ರಲ್ಲಿ ಕಟ್ಟಿದ ಮರದ ಮನೆಯೂ 1723ರ ಓಲ್ಡ್ ನಾರ್ತ್ ಚರ್ಚೂ ಇಲ್ಲೇ ಇವೆ. 19ನೇ ಶತಮಾನದ ನಡುವಿನಲ್ಲಿ ಐರಿಷ್ ಜನ ಬಂದು ತುಂಬಿಕೊಂಡರು. ಅಧ್ಯಕ್ಷ ಕೆನಡಿಯ ತಾಯಿ ರೋಸ್ ಫಿಟ್ಜ್‌ಜೆರಾಲ್ಡ್ 1890ರಲ್ಲಿ ಹುಟ್ಟಿದ್ದು ಇಲ್ಲಿನ ಗಾರ್ಡನ್ ಕೋರ್ಟ್ ಬೀದಿಯಲ್ಲಿ. ಆಮೇಲೆ ಸೇಲಂ ಸ್ಟ್ರೀಟಿನ ಸುತ್ತ ಪೂರ್ವ ಯುರೋಪಿನ ಯಹೂದಿಗಳು ನೆಲೆಸಿದರು. ಇಟಲಿಯ ಕಡೆಯಿಂದ ಮೊದಲು, 1860ರ ದಶಕದಲ್ಲಿ, ಬಂದವರು ಉತ್ತರದ ಜಿನೋವಾದವರು. 1880ರ ನಂತರ ದಕ್ಷಿಣದವರ ಪ್ರವಾಹ: ಸಿಸಿಲಿ, ನೇಪಲ್ಸ್ ಸುತ್ತಲಿನ ಊರುಗಳು, ಅವೆಲ್ಲಿನೊ, ಅಬ್ರುಜ್ಜೊ. 1920ರ ದಶಕದ ಹೊತ್ತಿಗೆ ಇಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿದ್ದರು. ಈಗ ಇರುವವರು ಸುಮಾರು 10 ಸಾವಿರ. ಬೀದಿಗಳು ಮಾತ್ರ ಅವೇ.

ಅಷ್ಟು ಜನ ಇದ್ದದ್ದು ವಠಾರಗಳಲ್ಲಿ. ಇಟ್ಟಿಗೆಯ ನಾಲ್ಕು ಐದು ಅಂತಸ್ತಿನ ಕಟ್ಟಡ, ಅಗಲ ಕಡಿಮೆ, ಉದ್ದ ಹೆಚ್ಚು. ಅಕ್ಕಪಕ್ಕದ ಗೋಡೆ ಒಂದಕ್ಕೊಂದು ಅಂಟಿರುವುದರಿಂದ ಬೆಳಕು ಬರುವುದು ಮುಂದಿನ ಮತ್ತು ಹಿಂದಿನ ಕೋಣೆಗಳಿಗೆ ಮಾತ್ರ. ನಡುವಿನ ಕೋಣೆಗಳು ಹಗಲಲ್ಲೂ ಕತ್ತಲು. ಕೆಳಗೆ ಅಂಗಡಿ, ಮೇಲೆ ಸಂಸಾರಗಳು. ಲಿಫ್ಟ್ ಇಲ್ಲ. ಮುಂಭಾಗದಲ್ಲಿ ಬೆಂಕಿ ಬಿದ್ದಾಗ ಇಳಿಯಲು ಕಬ್ಬಿಣದ ಮೆಟ್ಟಿಲು. ಒಳಗೆ ಕೂರಲು ಜಾಗವಿಲ್ಲದ್ದರಿಂದ ಬದುಕು ಬೀದಿಗೆ ಇಳಿಯಿತು. ಹೊಸ್ತಿಲ ಮೆಟ್ಟಿಲ ಮೇಲೆ ಹೆಂಗಸರು, ಮೂಲೆಯ ಕಾಫಿ ಅಂಗಡಿಯಲ್ಲಿ ಗಂಡಸರು, ಕಿಟಕಿಯಿಂದ ಕಿಟಕಿಗೆ ಮಾತು. ಇದನ್ನು ‘ಇಟಾಲಿಯನ್ನರ ಸ್ವಭಾವ’ ಎಂದು ಬರೆಯುವವರಿದ್ದಾರೆ. ಸ್ವಭಾವಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಆ ಕತ್ತಲ ಕೋಣೆಗಳು.

ಒಬ್ಬ ಬಂದು ಕೆಲಸ ಹಿಡಿದ ಮೇಲೆ ಊರಿಗೆ ಕಾಗದ ಬರೆದು ತಮ್ಮನನ್ನೋ ಭಾವನನ್ನೋ ಕರೆಸಿಕೊಳ್ಳುತ್ತಿದ್ದ. ಅವನು ಬಂದು ಇಳಿಯುತ್ತಿದ್ದದ್ದು ಅದೇ ವಠಾರಕ್ಕೆ. ಹೀಗೆ ಒಂದೊಂದು ಬೀದಿ ಒಂದೊಂದು ಊರಾಯಿತು. ಮೀನುಗಾರರಾದ ಸಿಸಿಲಿಯವರು ಬಂದರಿಗೆ ಹತ್ತಿರದ ನಾರ್ತ್ ಸ್ಟ್ರೀಟಿನ ಉದ್ದಕ್ಕೆ ನೆಲೆಸಿದರು. ಅವೆಲ್ಲಿನೊ ಕಡೆಯವರು ಎಂಡಿಕಾಟ್ ಮತ್ತು ಥ್ಯಾಚರ್ ಬೀದಿಗಳ ಸುತ್ತ. ಚರ್ಚಿನಲ್ಲೂ ಒಗ್ಗಟ್ಟಿರಲಿಲ್ಲ. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನಲ್ಲಿ ಇಟಾಲಿಯನ್ ವಲಸಿಗರು ಕಟ್ಟಿಕೊಂಡ ಮೊದಲ ಚರ್ಚು ಎಂದು ಹೇಳುವ ಸೇಂಟ್ ಲಿಯೊನಾರ್ಡ್‌ನ ಸಭೆ ಶುರುವಾದದ್ದು 1873ರಲ್ಲಿ. ಅಲ್ಲಿ ಅಸಮಾಧಾನಗೊಂಡ ಒಂದು ಗುಂಪು ಸಾನ್ ಮಾರ್ಕೊ ಸೊಸೈಟಿ ಎಂಬ ಸಂಘ ಕಟ್ಟಿಕೊಂಡು, 1884ರಲ್ಲಿ ನಾರ್ತ್ ಸ್ಕ್ವೇರ್‌ನ ಹಳೆಯ ನಾವಿಕರ ಪ್ರಾರ್ಥನಾಮಂದಿರವನ್ನು ತಾನೇ ಕೊಂಡುಕೊಂಡಿತು. ಅದಕ್ಕೆ ಬಿಷಪ್ಪರ ಒಪ್ಪಿಗೆ ಸಿಕ್ಕಿ ಸೇಕ್ರೆಡ್ ಹಾರ್ಟ್ ಚರ್ಚಾಗಲು 1888 ಬರಬೇಕಾಯಿತು. ಎರಡೂ ಚರ್ಚುಗಳ ನಡುವೆ ನಡೆದರೆ ಐದು ನಿಮಿಷದ ದಾರಿ ಇಲ್ಲ.

ಸಂಘ ಮತ್ತು ಸಂತ

ಊರಿಗೊಂದು ಸಂಘ ಹುಟ್ಟಿದ್ದು ಭಕ್ತಿಯಿಂದ ಮಾತ್ರವಲ್ಲ. ಕೂಲಿಯವನು ಕಾಯಿಲೆ ಬಿದ್ದರೆ ಮನೆ ನಡೆಸುವವರಿಲ್ಲ, ಸತ್ತರೆ ಮಣ್ಣು ಮಾಡಲು ದುಡ್ಡಿಲ್ಲ. ಹಾಗಾಗಿ ಒಂದೇ ಊರಿನವರು ತಿಂಗಳಿಗಿಷ್ಟು ಚಂದಾ ಹಾಕಿ ಪರಸ್ಪರ ಸಹಾಯ ಸಂಘ ಮಾಡಿಕೊಂಡರು. ಕಾಯಿಲೆಗೆ ಭತ್ಯೆ, ಸಾವಿಗೆ ಖರ್ಚು, ಶವದ ಹಿಂದೆ ನಡೆಯಲು ಸದಸ್ಯರೆಲ್ಲ. ಸಂಘಕ್ಕೆ ಊರ ಸಂತನದೇ ಹೆಸರು. ವರ್ಷಕ್ಕೊಮ್ಮೆ ಆ ಸಂತನ ಉತ್ಸವ. ಆಮೇಲೆ ಸರ್ಕಾರದ ಪಿಂಚಣಿ, ವಿಮೆ ಬಂದು ಸಂಘದ ಹಳೆಯ ಕೆಲಸ ತಪ್ಪಿತು. ಉತ್ಸವ ಉಳಿಯಿತು.

ಇವತ್ತಿಗೂ ಆಗಸ್ಟಿನಲ್ಲಿ ವಾರಾಂತ್ಯ ಬಂದರೆ ಒಂದು ಹಬ್ಬ. ಯಾವ ಹಬ್ಬದ ಹಿಂದೆ ನೋಡಿದರೂ ‘ಇಟಲಿ’ ಸಿಗುವುದಿಲ್ಲ, ಒಂದು ಊರು ಸಿಗುತ್ತದೆ. ಸಂತ ಅಗ್ರಿಪಿನಾಳ ಹಬ್ಬ ಸಿಸಿಲಿಯ ಮಿನೆಯೊದವರದು. ಮಡೋನ್ನ, ಅಂದರೆ ಯೇಸುವಿನ ತಾಯಿ ಮೇರಿ; ಮಡೋನ್ನ ದೆಲ್ಲ ಕಾವಾ ಹಬ್ಬ ಸಿಸಿಲಿಯದೇ ಆದ ಪಿಯೆತ್ರಪೆರ್ತ್ಸಿಯಾದವರದು. 1910ರಿಂದ ನಡೆದುಬಂದ ಮೀನುಗಾರರ ಹಬ್ಬ ಶಾಕ್ಕಾದವರದು. ಆಗಸ್ಟ್ ಕೊನೆಯಲ್ಲಿ ಬರುವ ಸಂತ ಆಂಥೋನಿಯ ಹಬ್ಬವನ್ನು 1919ರಲ್ಲಿ ಶುರುಮಾಡಿದವರು ಅವೆಲ್ಲಿನೊ ಬಳಿಯ ಮೊಂಟೆಫಾಲ್ಚೋನೆಯವರು. ಚರ್ಚಿನ ಪಂಚಾಂಗದಲ್ಲಿ ಸಂತ ಆಂಥೋನಿಯ ದಿನ ಜೂನ್ 13. ಆದರೆ ಮೊಂಟೆಫಾಲ್ಚೋನೆಯಲ್ಲಿ ದೊಡ್ಡ ಹಬ್ಬ ಆಗಸ್ಟ್ ಕೊನೆಗೆ ನಡೆಯುತ್ತದೆ, ಆದ್ದರಿಂದ ಇಲ್ಲೂ ಹಾಗೆಯೇ.

ಮೆರವಣಿಗೆಯ ಕ್ರಮ ತಿಳಿದುಕೊಂಡು ಹೋದರೆ ಹಬ್ಬ ಚೆನ್ನಾಗಿ ಅರ್ಥವಾಗುತ್ತದೆ. ಸಂತನ ವಿಗ್ರಹವನ್ನು ಮರದ ಅಡ್ಡೆಗಳ ಮೇಲೆ ಕೂರಿಸಿ ಸಂಘದವರು ಹೆಗಲ ಮೇಲೆ ಹೊರುತ್ತಾರೆ. ಮುಂದೆ ಸಂಘದ ಬಾವುಟ, ಹಿಂದೆ ಹಿತ್ತಾಳೆ ವಾದ್ಯಗಳ ಬ್ಯಾಂಡು. ವಿಗ್ರಹದಿಂದ ಉದ್ದನೆಯ ರಿಬ್ಬನ್ನುಗಳು ಇಳಿಬಿದ್ದಿರುತ್ತವೆ. ಹರಕೆ ಹೊತ್ತವರು ಡಾಲರ್ ನೋಟುಗಳನ್ನು ಅದಕ್ಕೆ ಪಿನ್ನು ಹಾಕಿ ಚುಚ್ಚುತ್ತಾರೆ. ಸಂಜೆಯ ಹೊತ್ತಿಗೆ ವಿಗ್ರಹದ ಬಟ್ಟೆ ಕಾಣುವುದಿಲ್ಲ, ನೋಟುಗಳೇ. ಕೇರಿಯ ಬೀದಿಬೀದಿಯಲ್ಲಿ, ಮನೆ, ಅಂಗಡಿ, ಬೇರೆ ಊರಿನ ಸಂಘದ ಬಾಗಿಲ ಮುಂದೆ ನಿಂತು, ಬ್ಯಾಂಡು ಒಂದು ನುಡಿಸಿ, ಕಾಣಿಕೆ ಪಡೆದು ಮುಂದೆ ಹೋಗುವುದರಿಂದ ಸಂತ ಆಂಥೋನಿಯ ಭಾನುವಾರದ ಮೆರವಣಿಗೆ ಹತ್ತು ಗಂಟೆಯಷ್ಟು ಹಿಡಿಯುತ್ತದೆ. ಒಂದೇ ಜಾಗದಲ್ಲಿ ನಿಂತು ಕಾಯುವವರಿಗೆ ಅದು ಬರುವುದೇ ಇಲ್ಲ ಅನಿಸುತ್ತದೆ. ಬ್ಯಾಂಡಿನ ಸದ್ದು ಹಿಡಿದು ಹುಡುಕಿಕೊಂಡು ಹೋಗಬೇಕು, ಸಿಕ್ಕ ಮೇಲೆ ಜೊತೆಗೆ ನಡೆಯಬೇಕು.

ಮೀನುಗಾರರ ಹಬ್ಬದ ಕೊನೆಯ ಸಂಜೆಯದು ಬೇರೆಯೇ ಬಗೆ. ನಾರ್ತ್ ಸ್ಟ್ರೀಟಿನ ಮೇಲೆ ಎದುರುಬದುರು ಕಟ್ಟಡಗಳಿಗೆ ಹಗ್ಗ ಬಿಗಿದು, ದೇವತೆಯ ವೇಷದ ಹುಡುಗಿಯೊಬ್ಬಳನ್ನು ಮೂರನೇ ಮಹಡಿಯ ಕಿಟಕಿಯಿಂದ ರಾಟೆಯ ಮೇಲೆ ಬಿಟ್ಟು, ನಡುಬೀದಿಯಲ್ಲಿ ಮಡೋನ್ನಳ ವಿಗ್ರಹದ ಮುಂದಕ್ಕೆ ಇಳಿಸುತ್ತಾರೆ. ತುಂಬಿದ ಬೀದಿ ಸದ್ದಡಗುತ್ತದೆ. ಹುಡುಗಿ ಗಾಳಿಯಲ್ಲಿ ತೂಗುತ್ತಲೇ ಇಟಾಲಿಯನ್ನಿನಲ್ಲಿ ಪ್ರಾರ್ಥನೆ ಹೇಳುತ್ತಾಳೆ. ಮುಗಿದದ್ದೇ ಎಲ್ಲ ಕಿಟಕಿಗಳಿಂದ ಬಣ್ಣದ ಕಾಗದದ ಚೂರುಗಳ ಮಳೆ. ಕಿರಿದಾದ ಬೀದಿ, ಎತ್ತರದ ವಠಾರ, ಎರಡೂ ಇದ್ದರೆ ಮಾತ್ರ ಆಗುವ ಆಚರಣೆ ಇದು.

ಊರವರು ಇಟಾಲಿಯನ್ನರಾದದ್ದು

ಇಷ್ಟು ಊರುಗಳು ಒಂದು ಜನಾಂಗವಾದದ್ದು ಒಳಗಿನ ಒಲುಮೆಯಿಂದಲ್ಲ, ಹೊರಗಿನವರು ಅವರನ್ನು ಒಂದೇ ಎಂದು ಕಂಡದ್ದರಿಂದ. ಕಮರ್ಷಿಯಲ್ ಸ್ಟ್ರೀಟಿನ ಸಮುದ್ರದಂಚಿನಲ್ಲಿ 1915ರಲ್ಲಿ ಒಂದು ಮದ್ಯಸಾರ ಕಂಪನಿ ಕಾಕಂಬಿಯ ತೊಟ್ಟಿ ನಿಲ್ಲಿಸಿತು. ಸುಮಾರು 15 ಮೀಟರ್ ಎತ್ತರ, 27 ಮೀಟರ್ ಅಡ್ಡಳತೆ. ಉಕ್ಕಿನ ತಗಡು ಬೇಕಾದ್ದಕ್ಕಿಂತ ತೆಳು. ಮೊದಲಿನಿಂದಲೂ ಜಿನುಗುತ್ತಿತ್ತು. ಕಂಪನಿ ಮಾಡಿದ್ದು ಜಿನುಗು ಕಾಣದಂತೆ ಕಂದು ಬಣ್ಣ ಬಳಿಸಿದ್ದು. 1919ರ ಜನವರಿ 15ರಂದು ತೊಟ್ಟಿ ಒಡೆದು ಸುಮಾರು 87 ಲಕ್ಷ ಲೀಟರ್ ಕಾಕಂಬಿ ಬೀದಿಗೆ ನುಗ್ಗಿತು. 21 ಜನ ಸತ್ತರು, 150 ಜನರಿಗೆ ಗಾಯ. ಹೆಚ್ಚಿನವರಿಗೆ ಇನ್ನೂ ಪೌರತ್ವವೂ ಮತವೂ ಇಲ್ಲದ ಕೇರಿಯಾದ್ದರಿಂದಲೇ ಅಂಥ ತೊಟ್ಟಿಯನ್ನು ಮನೆಗಳ ಪಕ್ಕದಲ್ಲಿ ನಿಲ್ಲಿಸುವುದು ಅಷ್ಟು ಸುಲಭವಾಯಿತು. ಆ ಜಾಗದಲ್ಲಿ ಈಗ ಉದ್ಯಾನವಿದೆ, ಹಿರಿಯರು ಬೊಚ್ಚೆ ಚೆಂಡು ಉರುಳಿಸುವ ಅಂಕಣವಿದೆ.

ಅದರ ಮರುವರ್ಷವೇ, ದರೋಡೆ ಮತ್ತು ಕೊಲೆಯ ಪ್ರಕರಣದಲ್ಲಿ, ಸಾಕೊ ಮತ್ತು ವಂಜೆಟ್ಟಿ ಎಂಬ ಇಬ್ಬರು ವಲಸಿಗರ ಬಂಧನ. ನಿಕೊಲಾ ಸಾಕೊ ದಕ್ಷಿಣದ ಪುಲಿಯಾದವನು, ಬಾರ್ಟೊಲೊಮಿಯೊ ವಂಜೆಟ್ಟಿ ಉತ್ತರದ ಪಿಯೆಮೊಂಟೆಯವನು. ಹಳೆಯ ದೇಶದಲ್ಲಿ ಒಬ್ಬರ ಮಾತು ಒಬ್ಬರಿಗೆ ಸಲೀಸಾಗಿ ತಿಳಿಯದ ಎರಡು ಸೀಮೆ. ಬಾಸ್ಟನ್ನಿನಲ್ಲಿ ಇಬ್ಬರೂ ಅನುಮಾನಕ್ಕೆ ಈಡಾದ ‘ಇಟಾಲಿಯನ್ನರು’. ಅವರ ಪರ ಹೋರಾಡಿದ ಸಮಿತಿಯ ಕಚೇರಿ ಇದ್ದದ್ದು ಹ್ಯಾನೊವರ್ ಸ್ಟ್ರೀಟಿನಲ್ಲಿ. 1927ರ ಆಗಸ್ಟ್ 23ರಂದು ಮರಣದಂಡನೆಯಾದ ಮೇಲೆ ದೇಹಗಳನ್ನು ದರ್ಶನಕ್ಕೆ ಇಟ್ಟದ್ದೂ ಶವಯಾತ್ರೆ ಹೊರಟದ್ದೂ ಅದೇ ಬೀದಿಯಿಂದ. ಈ ನಡುವೆ 1924ರ ವಲಸೆ ಕಾಯ್ದೆ ಇಟಲಿಯಿಂದ ವರ್ಷಕ್ಕೆ 3,845 ಜನರಿಗೆ ಮಾತ್ರ ಅವಕಾಶ ಎಂದು ಕಟ್ಟುಹಾಕಿತ್ತು. ಊರಿಂದ ಹೊಸಬರು ಬರುವುದು ನಿಂತಿತು.

ಅದರ ಗುರುತು ಮಾತಿನಲ್ಲಿ ಉಳಿದಿದೆ. ಅಮೆರಿಕದ ಪೂರ್ವ ಕರಾವಳಿಯ ಇಂಥ ಕೇರಿಗಳಲ್ಲಿ ರಿಕೊಟ್ಟಾ ಎಂಬ ಮೆತ್ತನೆಯ ಚೀಸು ‘ರಿಗೊಟ್’ ಆಗುತ್ತದೆ, ಮೊಜ್ಜರೆಲ್ಲಾ ಚೀಸು ‘ಮುಟ್ಜಡೆಲ್’, ಕಪೊಕೊಲ್ಲೊ ಎಂಬ ಒಣಗಿಸಿದ ಹಂದಿಮಾಂಸ ‘ಗಬಗೂಲ್’. ಇದು ಅಪಭ್ರಂಶವಲ್ಲ. ನೇಪಲ್ಸ್ ಸುತ್ತಲಿನ ನುಡಿಗಳಲ್ಲಿ ಪದದ ಕೊನೆಯ ಸ್ವರ ಅರ್ಧಕ್ಕೇ ನಿಲ್ಲುತ್ತದೆ, ನಡುವಿನ ಕ ಮತ್ತು ಪ ಮೆತ್ತಗಾಗಿ ಗ ಮತ್ತು ಬ ಆಗುತ್ತವೆ. ಮಕ್ಕಳು, ಮೊಮ್ಮಕ್ಕಳ ಬಾಯಲ್ಲಿ ಆ ಅರ್ಧ ಸ್ವರವೂ ಉದುರಿತು. ಇಟಲಿಯಲ್ಲಿ ಶಾಲೆ, ರೇಡಿಯೊ, ಟಿ.ವಿ. ಬಂದು ನುಡಿ ಬದಲಾಯಿತು. ಇಲ್ಲಿ 1900ರ ಸುಮಾರಿನ ಹಳ್ಳಿಯ ಉಚ್ಚಾರ ಹೆಪ್ಪುಗಟ್ಟಿತು. ಇವತ್ತಿನ ರೋಮ್‌ನವರಿಗೆ ಇದು ವಿಚಿತ್ರವಾಗಿ ಕೇಳುವುದು ಅದಕ್ಕೇ.

ಅಡುಗೆ

ಊರುಗಳು ನಿಜವಾಗಿ ಬೆರೆತದ್ದು ಅಡುಗೆಮನೆಯಲ್ಲಿ. ಸಿಸಿಲಿಯ ಗಂಡಿಗೆ ಅವೆಲ್ಲಿನೊದ ಹೆಣ್ಣು ಬಂದಳು, ಎರಡೂ ಊರಿನ ಸಾರು ಒಂದೇ ಪಾತ್ರೆಗೆ ಬಿತ್ತು. ಹಳ್ಳಿಯಲ್ಲಿ ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಮಾಂಸ ಇಲ್ಲಿ ವಾರವಾರ ಕೈಗೆಟುಕಿತು. ‘ಸಂಡೇ ಗ್ರೇವಿ’ ಹುಟ್ಟಿದ್ದು ಹಾಗೆ. ಅಗಲ ತಳದ ದಪ್ಪ ಪಾತ್ರೆಯಲ್ಲಿ ಮೊದಲು ಸಾಸೇಜು ಮತ್ತು ಮಾಂಸದ ಸುರುಳಿಗಳನ್ನು ಕೆಂಪಗೆ ಹುರಿದು ತೆಗೆಯುತ್ತಾರೆ. ಅದೇ ಜಿಡ್ಡಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಎರಡು ಚಮಚ ಗಟ್ಟಿ ಟೊಮೆಟೊ ಪೇಸ್ಟ್. ಆರು ಜನಕ್ಕೆ 800 ಗ್ರಾಮಿನ ಎರಡು ಡಬ್ಬಿ ಟೊಮೆಟೊ ಕಿವುಚಿ ಸುರಿದು, ಮಾಂಸ ಮತ್ತೆ ಹಾಕಿ, ಮೂರು ಗಂಟೆ ಸಣ್ಣ ಉರಿ. ಮಾಂಸದ ಉಂಡೆಗಳನ್ನು ಕೊನೆಯ ಒಂದು ಗಂಟೆಗೆ ಬಿಡಬೇಕು, ಮೊದಲೇ ಬಿಟ್ಟರೆ ಒಡೆಯುತ್ತವೆ. ಉರಿ ಹೆಚ್ಚಾದರೆ ಟೊಮೆಟೊದ ತಿರುಳು ತಳ ಹಿಡಿದು ಸೀಯುತ್ತದೆ. ಆಗ ಕೆರೆಯಬಾರದು, ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು. ಮೇಜಿನ ಮೇಲೆ ಮೊದಲು ಆ ರಸದಲ್ಲಿ ಕಲಸಿದ ಪಾಸ್ತಾ, ಆಮೇಲೆ ಮಾಂಸ ಬೇರೆ ತಟ್ಟೆಯಲ್ಲಿ.

ಕೇರಿಯ ಅಂಗಡಿಗಳನ್ನು ಅಳೆಯಲು ಕನೋಲಿಗಿಂತ, ಕರಿದ ಕೊಳವೆಯಾಕಾರದ ಚಿಪ್ಪಿಗೆ ಸಿಹಿ ರಿಕೊಟ್ಟಾ ತುಂಬಿದ ಆ ತಿಂಡಿಗಿಂತ, ಒಳ್ಳೆಯ ಒರೆಗಲ್ಲಿಲ್ಲ. 250 ಗ್ರಾಂ ಮೈದಾಕ್ಕೆ 25 ಗ್ರಾಂ ಹಂದಿಕೊಬ್ಬು, ಅಷ್ಟೇ ಸಕ್ಕರೆ, ಚಿಟಿಕೆ ಉಪ್ಪು ಮತ್ತು ಚಕ್ಕೆ ಪುಡಿ, ಸುಮಾರು 80 ಮಿಲಿಲೀಟರ್ ಮಾರ್ಸಾಲಾ ವೈನ್ ಹಾಕಿ ಗಟ್ಟಿಯಾಗಿ ನಾದಿ ಒಂದು ಗಂಟೆ ಬಿಡಬೇಕು. ಒಂದೂವರೆ ಮಿಲಿಮೀಟರ್ ತೆಳುವಾಗಿ ಲಟ್ಟಿಸಿ, ಅಂಗೈಯಗಲದ ಬಿಲ್ಲೆ ಕತ್ತರಿಸಿ, ಲೋಹದ ಕೊಳವೆಗೆ ಸುತ್ತಿ, ಅಂಚನ್ನು ಮೊಟ್ಟೆಯ ಬಿಳಿಯಿಂದ ಅಂಟಿಸಿ 180 ಡಿಗ್ರಿ ಎಣ್ಣೆಯಲ್ಲಿ ಒಂದೆರಡು ನಿಮಿಷ ಕರಿಯುತ್ತಾರೆ. ಮೈಮೇಲೆ ಗುಳ್ಳೆ ಏಳುವುದು ಒಳಗಿನ ತೇವ ಹಬೆಯಾಗಿ ನುಗ್ಗುವುದರಿಂದ. ದಪ್ಪ ಲಟ್ಟಿಸಿದರೆ ಗುಳ್ಳೆ ಏಳದೆ ಕಲ್ಲಾಗುತ್ತದೆ. ಮೊಟ್ಟೆ ಕೊಳವೆಗೆ ತಾಗಿದರೆ ಬಿಡಿಸುವಾಗ ಮುರಿಯುತ್ತದೆ. ಹೂರಣಕ್ಕೆ 500 ಗ್ರಾಂ ರಿಕೊಟ್ಟಾವನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೀರು ಸೋಸಿ, 120 ಗ್ರಾಂ ಸಕ್ಕರೆ ಸೇರಿಸಿ ಜರಡಿಯಲ್ಲಿ ತಿಕ್ಕಿ ನುಣುಪು ಮಾಡುತ್ತಾರೆ. ತುಂಬಿದ ಅರ್ಧ ಮುಕ್ಕಾಲು ಗಂಟೆಗೆಲ್ಲ ಚಿಪ್ಪು ಮೆತ್ತಗಾಗತೊಡಗುತ್ತದೆ. ಆದ್ದರಿಂದ ನೀವು ಕೇಳಿದ ಮೇಲೆ ತುಂಬಿಕೊಡುವ ಅಂಗಡಿಯನ್ನೇ ಹುಡುಕಬೇಕು. ಗಾಜಿನ ಕಪಾಟಿನಲ್ಲಿ ಬೆಳಗಿನಿಂದ ತುಂಬಿಟ್ಟದ್ದು ಎಷ್ಟು ದೊಡ್ಡದಾಗಿದ್ದರೂ ಬೇಡ.

ಕೇರಿಯನ್ನು ಉಳಿಸಿದ್ದು ಊಟದ ಹೋಟೆಲುಗಳಿಗಿಂತ ದಿನಬಳಕೆಯ ಅಂಗಡಿಗಳು. 1926ರ ರೆಜಿನಾ ಪಿಜ್ಜಾ ಅಂಗಡಿ ಥ್ಯಾಚರ್ ಬೀದಿಯಲ್ಲಿದೆ. 1932ರ ಪೊಲ್ಕಾರಿಯಲ್ಲಿ ಕಾಫಿಬೀಜ, ಬೇಳೆಕಾಳು, ಸಾಂಬಾರ ಪದಾರ್ಥಗಳನ್ನು ತೂಗಿ ಕೊಡುತ್ತಾರೆ. ಪಿಜ್ಜಾ ಮಾರುವ ಗ್ಯಾಲರಿಯಾ ಉಂಬೆರ್ಟೊ ತೆರೆಯುವುದು ಮಧ್ಯಾಹ್ನಕ್ಕೆ ಮಾತ್ರ, ಮಾಡಿದ್ದು ಮುಗಿದರೆ ಬಾಗಿಲು ಹಾಕುತ್ತಾರೆ. ಹ್ಯಾನೊವರ್ ಸ್ಟ್ರೀಟಿಗೆ ಸಾಲು ಹಚ್ಚುವ ಮೊದಲು ಬೆಳಿಗ್ಗೆ ಸೇಲಂ ಸ್ಟ್ರೀಟಿನಲ್ಲಿ ಒಂದು ಸುತ್ತು ಹಾಕುವುದೇ ಮೇಲು.

ಕರ್ನಾಟಕದಿಂದ ಹೋಗುವ ಸಸ್ಯಾಹಾರಿಗಳು ಕೆಲವನ್ನು ಕೇಳಿಯೇ ತಿನ್ನಬೇಕು. ಕನೋಲಿಯ ಚಿಪ್ಪಿನಲ್ಲಿ ಹಂದಿಕೊಬ್ಬು ಇರಬಹುದು, ಬೆಣ್ಣೆಯಲ್ಲಿ ಮಾಡುವವರೂ ಇದ್ದಾರೆ. ಅರಂಚಿನಿ ಎಂಬ ಅನ್ನದ ಉಂಡೆಯೊಳಗೆ ಸಾಮಾನ್ಯವಾಗಿ ಮಾಂಸ. ಹುರುಳಿಕಾಯಿ ಬೀಜದಂಥ ಕಾಳು ಹಾಕಿದ ಪಾಸ್ತಾ ಇ ಫಜೋಲಿಗೆ ಹಂದಿಮಾಂಸದ ಒಗ್ಗರಣೆ, ರಿಸೊಟ್ಟೊಗೆ ಕೋಳಿಯ ಸಾರು, ಸೀಸರ್ ಸಲಾಡಿಗೆ ಮೀನು. ‘ಗ್ರೇವಿ’ ಎಂದರೆ ಮಾಂಸ ಇದೆಯೆಂದೇ ಲೆಕ್ಕ, ‘ಮರಿನಾರ’ ಎಂದರೆ ಸಾಧಾರಣವಾಗಿ ಬರೀ ಟೊಮೆಟೊ. ಪಾರ್ಮಿಜಾನೊ ಚೀಸನ್ನು ಹೆಪ್ಪು ಹಾಕುವುದು ಕರುವಿನ ಹೊಟ್ಟೆಯ ಅಂಶದಿಂದ, ಅದು ಬೇಡವೆನ್ನುವವರು ಮೊದಲೇ ಹೇಳಬೇಕು.

ಮನೆಗಳು ಉಳಿದದ್ದು

1950ರ ದಶಕದಲ್ಲಿ ನಗರ ಯೋಜಕರ ನಕ್ಷೆಯಲ್ಲಿ ಈ ಕೇರಿ ಒಂದು ಕೊಳೆಗೇರಿ. ಬ್ಯಾಂಕುಗಳು ಇಲ್ಲಿನ ಮನೆಗಳ ಮೇಲೆ ಸಾಲ ಕೊಡುತ್ತಿರಲಿಲ್ಲ. ಪಕ್ಕದ ವೆಸ್ಟ್ ಎಂಡನ್ನು ಅದೇ ಹಣೆಪಟ್ಟಿ ಹಚ್ಚಿ 1958ರಿಂದ ನೆಲಸಮ ಮಾಡಿ ಸುಮಾರು 2,700 ಕುಟುಂಬಗಳನ್ನು ಎಬ್ಬಿಸಿದರು. ನಾರ್ತ್ ಎಂಡ್ ತಪ್ಪಿಸಿಕೊಂಡದ್ದಕ್ಕೆ ಒಂದು ಮುಖ್ಯ ಕಾರಣ, ಇಲ್ಲಿನ ವಠಾರಗಳ ಒಡೆಯರಲ್ಲಿ ಅನೇಕರು ಅದೇ ವಠಾರದಲ್ಲಿ ಇದ್ದವರು. ಗಾರೆಯವನು, ಬಡಗಿ, ಪ್ಲಂಬರ್ ಎಲ್ಲರೂ ಊರವರೇ. ನಿನ್ನ ಮನೆಯ ಕೊಳಾಯಿ ನಾನು ಹಾಕುತ್ತೇನೆ, ನನ್ನ ಗೋಡೆ ನೀನು ಕಟ್ಟು ಎಂಬ ಲೆಕ್ಕದಲ್ಲಿ ಕತ್ತಲ ಕೋಣೆಗಳ ಗೋಡೆ ಒಡೆದರು, ಸ್ನಾನದ ಮನೆ ಹಾಕಿದರು. ಹೊರಗಿನ ಇಟ್ಟಿಗೆ ಹಳೆಯದೇ ಆಗಿ ಕಂಡದ್ದರಿಂದ ದೂರದಿಂದ ನೋಡಿದ ಅಧಿಕಾರಿಗಳಿಗೆ ಒಳಗಿನ ಈ ಕೆಲಸ ಕಾಣಲಿಲ್ಲ.

ತಪ್ಪಿಸಲಾಗದೆ ಹೋದದ್ದು ರಸ್ತೆ. 1950ರ ದಶಕದಲ್ಲಿ ಕಟ್ಟಿ 1959ರಲ್ಲಿ ಪೂರ್ತಿಯಾದ ಸೆಂಟ್ರಲ್ ಆರ್ಟರಿ ಎಂಬ ಎತ್ತರಿಸಿದ ಹೆದ್ದಾರಿ ಕೇರಿಯ ಅಂಚನ್ನು ಕತ್ತರಿಸಿ, ನಗರದ ಉಳಿದ ಭಾಗಕ್ಕೂ ಇದಕ್ಕೂ ನಡುವೆ ಹಸಿರು ಬಣ್ಣದ ಉಕ್ಕಿನ ಗೋಡೆಯಾಗಿ ನಿಂತಿತು. ನಗರದವರು ಆ ಕತ್ತಲ ಅಡಿದಾರಿ ದಾಟಿ ಬರುವುದು ಕಡಿಮೆಯಾಯಿತು. ಅದು ದೊಡ್ಡ ಪೆಟ್ಟು. ಆದರೆ ಅದೇ ಗೋಡೆ ಸುಮಾರು 40 ವರ್ಷ ಬಾಡಿಗೆಯನ್ನೂ ಹಿಡಿದಿಟ್ಟಿತು, ಹಳಬರು ಇನ್ನಷ್ಟು ಕಾಲ ನಿಲ್ಲಲು ಸಾಧ್ಯವಾಯಿತು. ಬಿಗ್ ಡಿಗ್ ಯೋಜನೆಯಲ್ಲಿ ಹೆದ್ದಾರಿಯನ್ನು ನೆಲದಡಿಗೆ ಇಳಿಸಿ, ಮೇಲಿನದನ್ನು ಕೆಡವಿ, 2008ರಲ್ಲಿ ಆ ಪಟ್ಟಿಯನ್ನು ಉದ್ಯಾನ ಮಾಡಿದರು. ಈಗ ಹೇಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ಐದು ನಿಮಿಷ ನಡೆದರೆ ಹ್ಯಾನೊವರ್ ಸ್ಟ್ರೀಟ್. ಬೆಳಕು ಬಂತು, ಜೊತೆಗೆ ದುಬಾರಿ ಬಾಡಿಗೆಯೂ ಬಂತು. ವಠಾರದ ಮನೆಗಳು ಒಂದೊಂದಾಗಿ ಮಾರಾಟದ ಫ್ಲ್ಯಾಟುಗಳಾದವು. ಹೋಟೆಲು ನಡೆಸುವವರಿಗೂ ವಾಸಿಸುವವರಿಗೂ ಹಿತ ಬೇರೆಬೇರೆಯಾಯಿತು. ಬೀದಿಯಲ್ಲಿ ಮೇಜು ಹಾಕುವ ಹೋಟೆಲುಗಳಿಗೆ 2022ರಲ್ಲಿ ನಗರಾಡಳಿತ ಈ ಕೇರಿಯಲ್ಲಿ ಮಾತ್ರ 7,500 ಡಾಲರ್ ಶುಲ್ಕ ವಿಧಿಸಿತು, 2023ರಲ್ಲಿ ರಸ್ತೆ ಮೇಲಿನ ಮೇಜುಗಳನ್ನೇ ನಿಲ್ಲಿಸಿತು. ಜಗಳ ನ್ಯಾಯಾಲಯದವರೆಗೆ ಹೋಯಿತು. ಹೋಟೆಲಿನವರ ನಷ್ಟ ನಿಜ. ಆದರೆ ಇಷ್ಟು ಕಿರಿದಾದ ಬೀದಿಯಲ್ಲಿ ಕಸದ ಲಾರಿ, ಆಂಬುಲೆನ್ಸು ತಿರುಗಲಾರದೆ ನಿಲ್ಲುವಾಗ ಮೇಲಿನ ಮಹಡಿಯ ಮುದುಕಿಯ ಕಷ್ಟ ಅದಕ್ಕಿಂತ ನಿಜ.

ಎರಡನೇ ಮಹಾಯುದ್ಧದ ನಂತರ ಮಕ್ಕಳು ಅಂಗಳವಿರುವ ಮನೆ ಹುಡುಕಿ ಮೆಡ್‌ಫರ್ಡ್, ರಿವಿಯರ್, ಸಾಗಸ್ ಎಂಬ ಹತ್ತಿರದ ಊರುಗಳ ಕಡೆಗೆ ಹೋದರು. ಕೇರಿಯ ಹಲವು ಮನೆಗಳಲ್ಲಿ ಈಗ ಬೇರೆ ಬೇರೆ ಕಡೆಯಿಂದ ಬಂದ ಯುವ ನೌಕರರು, ವಿದ್ಯಾರ್ಥಿಗಳು. ಆದರೂ ಸಂಘಗಳ ಸದಸ್ಯತ್ವ ಅಪ್ಪನಿಂದ ಮಗನಿಗೆ ದಾಟುತ್ತಲೇ ಇದೆ. ಆಗಸ್ಟ್ ಕೊನೆಯ ಭಾನುವಾರ ಅವರು ಊರಾಚೆಯಿಂದ ಬರುತ್ತಾರೆ, ಸಂಘದ ಅಂಗಿ ತೊಟ್ಟು ಎಂಡಿಕಾಟ್ ಬೀದಿಯಲ್ಲಿ ಸೇರುತ್ತಾರೆ, ಅಡ್ಡೆಗೆ ಹೆಗಲು ಕೊಡುತ್ತಾರೆ. ಅಜ್ಜ ಬಾಡಿಗೆಗಿದ್ದ ವಠಾರದ ಮುಂದೆ ಬಂದಾಗ ವಿಗ್ರಹವನ್ನು ಆ ಬಾಗಿಲಿನ ಕಡೆಗೆ ತಿರುಗಿಸಿ, ಬ್ಯಾಂಡು ಒಂದು ನುಡಿಸಿ ಮುಗಿಸುವವರೆಗೂ ನಿಲ್ಲುತ್ತಾರೆ.